ಕಂಬ ಎಣಿಸುವವರ ಪಾಡು

ರೋಮಿನ ಫೋರಂಗೂ ಕೊಲೋಸಿಯಂಗೂ ನಡುವಿನ ದಿಬ್ಬದ ಮೇಲೆ ಹೇಡ್ರಿಯನ್ ಚಕ್ರವರ್ತಿ ವೀನಸ್ ಮತ್ತು ರೋಮಾ ದೇವಿಯರಿಗೆ ಒಂದು ಗುಡಿ ಕಟ್ಟಿಸಿದ. ಮುಂಭಾಗಕ್ಕೆ ಹತ್ತು ಕಂಬ. ಅವನ ಕಾಲದ ದೊಡ್ಡ ಹಿತ್ತಾಳೆ ನಾಣ್ಯವಾದ ಸೆಸ್ಟರ್ಶಿಯಸ್‌ನ ಹಿಂಬದಿಯಲ್ಲಿ ಆ ಹತ್ತನ್ನೂ ಎಣಿಸಬಹುದು. 307ರ ಸುಮಾರಿಗೆ ಗುಡಿಗೆ ಬೆಂಕಿ ಬಿತ್ತು. ಮ್ಯಾಕ್ಸೆಂಟಿಯಸ್ ಅದನ್ನು ಮತ್ತೆ ಕಟ್ಟಿಸಿ ತನ್ನ ತಾಮ್ರದ ನಾಣ್ಯಗಳ ಮೇಲೆ ಹಾಕಿಸಿದ. ಅಲ್ಲಿ ಕಂಬ ಆರು, ಕೆಲವು ಅಚ್ಚುಗಳಲ್ಲಿ ನಾಲ್ಕೇ. ಕಿರಿದಾದದ್ದು ಗುಡಿಯಲ್ಲ, ನಾಣ್ಯ. ಕಂಬ ಎಣಿಸಿ ಕಟ್ಟಡದ ಚರಿತ್ರೆ ಬರೆಯಹೊರಟ ವಿದ್ವಾಂಸರನ್ನು ರೋಮನ್ ಟಂಕಸಾಲೆಗಳು ಬಹುಕಾಲದಿಂದ ಹೀಗೇ ಆಟವಾಡಿಸುತ್ತ ಬಂದಿವೆ.

ನಾಣ್ಯದ ಮೇಲೆ ಕಟ್ಟಡ ಹಾಕುವ ಅಭ್ಯಾಸ ಗ್ರೀಕರಲ್ಲಿ ಅಷ್ಟಾಗಿ ಇರಲಿಲ್ಲ. ರೋಮಿನಲ್ಲಿ ಅದರ ಮೊದಲ ಸ್ಪಷ್ಟ ಉದಾಹರಣೆ ಕ್ರಿ.ಪೂ. 135ರ ಒಂದು ಬೆಳ್ಳಿ ದಿನಾರಿಯಸ್. ಟಂಕಸಾಲೆಯ ಅಧಿಕಾರಿ ಮಿನೂಶಿಯಸ್ ಆಗುರಿನಸ್ ತನ್ನ ವಂಶದ ಹಿರಿಯನ ನೆನಪಿಗೆ ನಿಲ್ಲಿಸಿದ್ದ ಸ್ಮಾರಕ ಕಂಬವನ್ನು ಅದರ ಮೇಲೆ ಮೂಡಿಸಿದ. ಈ ಹುದ್ದೆಗೆ ಬರುತ್ತಿದ್ದವರು ರಾಜಕೀಯದಲ್ಲಿ ಆಗತಾನೇ ಕಾಲಿಡುತ್ತಿದ್ದ ದೊಡ್ಡ ಮನೆತನದ ಹುಡುಗರು. ಮುಂದೆ ಚುನಾವಣೆಗೆ ನಿಲ್ಲಬೇಕಾದವರಿಗೆ ಅಜ್ಜ ಮುತ್ತಜ್ಜಂದಿರು ಕಟ್ಟಿಸಿದ್ದನ್ನು ಊರೂರಿಗೆ ಹಂಚಲು ಇದಕ್ಕಿಂತ ಅಗ್ಗದ ದಾರಿ ಎಲ್ಲಿದೆ? ಕ್ರಿ.ಪೂ. 61ರಲ್ಲಿ ಲೆಪಿಡಸ್ ತನ್ನ ಮನೆತನದ ಹೆಸರಿನ ಎಮಿಲಿಯಾ ಬಸಿಲಿಕಾವನ್ನು ಹಾಕಿಸಿದ. ಕ್ರಿ.ಪೂ. 56ರಲ್ಲಿ ಮಾರ್ಸಿಯಸ್ ಫಿಲಿಪ್ಪಸ್ ಮಾರ್ಸಿಯಾ ಮೇಲ್ಗಾಲುವೆಯನ್ನು ಹಾಕಿಸಿದ. ಸುಮಾರು ತೊಂಬತ್ತು ಕಿಲೋಮೀಟರ್ ಉದ್ದದ ಆ ನೀರಿನ ದಾರಿ ನಾಣ್ಯದ ಮೇಲೆ ಬೆರಳೆಣಿಕೆಯ ಕಮಾನುಗಳಲ್ಲಿ ಮುಗಿದಿದೆ, ಅಷ್ಟರ ಮೇಲೆ ಒಂದು ಕುದುರೆ ಸವಾರನ ಪ್ರತಿಮೆಗೂ ಜಾಗ ಸಿಕ್ಕಿದೆ. ಕಾಲುವೆ ಎಷ್ಟು ಉದ್ದ ಎಂದು ಫಿಲಿಪ್ಪಸ್‌ನನ್ನು ಯಾರೂ ಕೇಳಿರಲಿಲ್ಲ. ಅದು ಯಾರದು ಎಂಬುದಷ್ಟೇ ಅವನಿಗೆ ಹೇಳಬೇಕಿತ್ತು.

ಕಟ್ಟಿದ್ದು ಮಾತ್ರವಲ್ಲ, ಕಟ್ಟಬೇಕಾದದ್ದೂ ನಾಣ್ಯದ ಮೇಲೆ ಬಂತು. ಕೊಲೆಯಾದ ಸೀಸರ್‌ನನ್ನು ದೇವರೆಂದು ಸಾರಿದ ಮೇಲೆ ಅವನಿಗೆ ಕಟ್ಟಿದ ಗುಡಿ ಪ್ರತಿಷ್ಠೆಯಾದದ್ದು ಕ್ರಿ.ಪೂ. 29ರಲ್ಲಿ. ಆದರೆ ಮುಂದೆ ಆಗಸ್ಟಸ್ ಎನಿಸಿಕೊಂಡ ಆಕ್ಟೇವಿಯನ್ ಕ್ರಿ.ಪೂ. 36ರಲ್ಲೇ ಅದನ್ನು ನಾಣ್ಯದ ಮೇಲೆ ಹಾಕಿಸಿದ್ದ. ಮೇಲಿನ ತ್ರಿಕೋನದಲ್ಲಿ ನಕ್ಷತ್ರ, ಒಳಗೆ ಸೀಸರ್‌ನ ಪ್ರತಿಮೆ, ತೊಲೆಯ ಮೇಲೆ ಅವನ ಹೆಸರು, ಎಲ್ಲವೂ ಸಿದ್ಧ. ಕ್ರಿ.ಪೂ. 44ರ ಇನ್ನೊಂದು ದಿನಾರಿಯಸ್ ಸೀಸರ್‌ನ ಕ್ಷಮಾಗುಣಕ್ಕೆಂದು ಸೆನೆಟ್ ಮಂಜೂರು ಮಾಡಿದ ಗುಡಿಯನ್ನು ತೋರಿಸುತ್ತದೆ. ಆ ಗುಡಿ ಎದ್ದು ನಿಂತಿತು ಎನ್ನಲು ಒಂದು ಕಲ್ಲಿನ ಸಾಕ್ಷ್ಯವೂ ಇಲ್ಲ. ಪಾರ್ಥಿಯನ್ನರಿಂದ ಮರಳಿ ಪಡೆದ ಸೇನಾ ಲಾಂಛನಗಳನ್ನು ಇಡಲು ಕ್ಯಾಪಿಟೊಲಿನ್ ಬೆಟ್ಟದ ಮೇಲೆ ಇತ್ತೆನ್ನುವ ಮಾರ್ಸ್ ದೇವರ ದುಂಡು ಗುಡಿಯದೂ ಅದೇ ಕಥೆ. ಆಗಸ್ಟಸ್‌ನ ನಾಣ್ಯಗಳಲ್ಲಿ ಅದು ಢಾಳಾಗಿದೆ, ನೆಲದಲ್ಲಿ ಅದರ ಸುಳಿವೇ ಇಲ್ಲ. ಅದೇ ದೇವರಿಗೆ ಆಗಸ್ಟಸ್ ತನ್ನ ಫೋರಂನಲ್ಲಿ ಕಟ್ಟಿಸಿದ ಎಂಟು ಕಂಬದ ಆಯತಾಕಾರದ ಗುಡಿಯ ಅವಶೇಷ ಮಾತ್ರ ಇಂದಿಗೂ ನಿಂತಿದೆ.

ಹಾಗಾದರೆ ಈ ಕೆತ್ತನೆಗಾರರು ಸುಳ್ಳರೇ? ಇಲ್ಲಿ ಸ್ವಲ್ಪ ನಿಧಾನಿಸಬೇಕು. ದಿನಾರಿಯಸ್‌ನ ಅಗಲ ಎರಡು ಸೆಂಟಿಮೀಟರ್‌ಗೂ ಕಡಿಮೆ. ಅಷ್ಟರಲ್ಲಿ ಉಬ್ಬಾಗಿ ಮೂಡಬೇಕಾದದ್ದನ್ನು ಅಚ್ಚಿನಲ್ಲಿ ತಗ್ಗಾಗಿ, ಎಡಬಲ ಅದಲು ಬದಲಾಗಿ ಕೊರೆಯಬೇಕು. ಆರು ಕಂಬಗಳ ಗುಡಿಯನ್ನು ಇದ್ದಂತೆ ಕೊರೆದರೆ ಕಂಬಗಳ ನಡುವೆ ಕೂದಲು ತೂರದು, ಒಳಗಿನ ದೇವರು ಕಾಣುವುದಂತೂ ದೂರ. ಕೆತ್ತನೆಗಾರ ಎರಡು ಕಂಬ ಕಿತ್ತು, ನಡುವಿನ ಸಂದು ಅಗಲ ಮಾಡಿ, ಗರ್ಭಗುಡಿಯ ಕತ್ತಲಲ್ಲಿದ್ದ ಪ್ರತಿಮೆಯನ್ನು ಹೊಸಿಲಿಗೆ ತಂದು ಕೂರಿಸಿದ. ನಮ್ಮ ದೇವಸ್ಥಾನಗಳ ಮುಂದೆ ಮಾರುವ ಕಟ್ಟುಹಾಕಿದ ಪಟಗಳಲ್ಲಿ ಹಿಂದೆ ಗೋಪುರ, ಮುಂದೆ ಅಲಂಕಾರಗೊಂಡ ಮೂಲವಿಗ್ರಹ ಇರುತ್ತವಲ್ಲ, ಹಾಗೆ. ಆ ಎರಡನ್ನೂ ಒಂದೇ ಜಾಗದಲ್ಲಿ ನಿಂತು ನೋಡಲಾಗದು ಎಂದು ಯಾವ ಭಕ್ತನೂ ತಕರಾರು ತೆಗೆದಿಲ್ಲ. ಈ ಪರಂಪರೆಯಲ್ಲಿ ಕಂಬದ ಲೆಕ್ಕವನ್ನು ನಂಬುವುದು ಕಡಿಮೆ ಇರಲಿ, ತ್ರಿಕೋನದೊಳಗಿನ ಶಿಲ್ಪ, ಸೂರಿನ ಮೇಲಿನ ಪ್ರತಿಮೆಗಳು, ಒಳಗಿನ ದೇವರ ಭಂಗಿ ಇವನ್ನು ನಂಬುವುದು ಹೆಚ್ಚಿರಲಿ ಎಂಬುದು ನನ್ನ ನಿಲುವು. ಒಂದು ಗುಡಿಯನ್ನು ಇನ್ನೊಂದರಿಂದ ಬೇರೆ ಮಾಡಿ ಗುರುತಿಸುವಂತೆ ಮಾಡುತ್ತಿದ್ದದ್ದು ಅವೇ, ಅಲ್ಲಿ ಕೈತಪ್ಪಿದರೆ ನಾಣ್ಯದ ಉದ್ದೇಶವೇ ಕೆಡುತ್ತಿತ್ತು.

ಪರಂಪರೆಯ ತುತ್ತತುದಿ ಟೈಟಸ್‌ನ ಕೊಲೋಸಿಯಂ ಸೆಸ್ಟರ್ಶಿಯಸ್. ರಂಗಮಂದಿರ ಉದ್ಘಾಟನೆಯಾದ ಕ್ರಿ.ಶ. 80ರ ಆಸುಪಾಸಿನದು. ಕೆತ್ತನೆಗಾರ ಹೊರಗೋಡೆಯನ್ನು ಎದುರಿನಿಂದ ನೋಡುತ್ತಾನೆ, ಅದೇ ಉಸಿರಿನಲ್ಲಿ ಆಕಾಶಕ್ಕೇರಿ ಒಳಗೆ ಇಣುಕುತ್ತಾನೆ. ಕೆಳಗೆ ಖಾಲಿ ಕಮಾನುಗಳು. ಅದರ ಮೇಲಿನ ಎರಡು ಅಂತಸ್ತುಗಳ ಕಮಾನುಗಳಲ್ಲಿ ಪುಟ್ಟ ಪುಟ್ಟ ಪ್ರತಿಮೆಗಳು. ಮೇಲಿನ ಅಂತಸ್ತಿನ ಗೋಡೆಗೆ ಗುರಾಣಿಗಳು. ಒಳಗೆ ಸಾಲು ಸಾಲು ಚುಕ್ಕೆಗಳು, ಒಂದೊಂದು ಚುಕ್ಕೆ ಒಂದೊಂದು ತಲೆ. ಇಂದು ಆ ಕಮಾನುಗಳಲ್ಲಿ ಒಂದು ಪ್ರತಿಮೆಯೂ ಇಲ್ಲ, ಅವು ಇದ್ದವು ಎನ್ನಲು ಈ ನಾಣ್ಯವೇ ಮುಖ್ಯ ಆಧಾರ. ಎಡಗಡೆ ಶಂಕುವಿನಾಕಾರದ ಒಂದು ಕಾರಂಜಿ ನಿಂತಿದೆ, ಅದೇ ಮೆಟಾ ಸುಡಾನ್ಸ್. ಅದನ್ನು ಟೈಟಸ್‌ನ ತಮ್ಮ ಡೊಮಿಶಿಯನ್ ಕಟ್ಟಿಸಿದ್ದೆಂದು ಹಳೆಯ ಲೆಕ್ಕ. ಅಣ್ಣನ ನಾಣ್ಯದಲ್ಲೇ ಅದು ಇರುವುದರಿಂದ ಕೆಲಸ ಮೊದಲೇ ಶುರುವಾಗಿತ್ತೆಂದು ಒಪ್ಪಬೇಕಾಯಿತು. ಕಾರಂಜಿಯ ಉಳಿದ ಇಟ್ಟಿಗೆ ಗೂಟವನ್ನು 1936ರಲ್ಲಿ ಮುಸೊಲಿನಿಯ ಸರ್ಕಾರ ಕೆಡವಿಸಿತು, ನಾಣ್ಯದ ಮೇಲಿನದು ಉಳಿಯಿತು. ಗಮನಿಸಿ, ಇಲ್ಲೂ ಕಮಾನುಗಳ ಲೆಕ್ಕ ತಪ್ಪು. ಎಂಬತ್ತು ಕಮಾನುಗಳ ಸುತ್ತಿನಲ್ಲಿ ಒಂದು ಹಿಡಿಯಷ್ಟು ಮಾತ್ರ ಕಾಣುತ್ತವೆ. ಆದರೂ ಕಣ್ಣಿಗೆ ಏನೂ ಕಡಿಮೆಯಾಗಿಲ್ಲ.

ನೀರೋನ ಕಮಾನು ಇನ್ನೊಂದು ಬಗೆಯ ಪರೀಕ್ಷೆ. ಪಾರ್ಥಿಯನ್ನರ ಮೇಲಿನ ಗೆಲುವಿಗೆಂದು ಕ್ಯಾಪಿಟೊಲಿನ್ ಬೆಟ್ಟದ ಮೇಲೆ ಎದ್ದ ಈ ಕಮಾನಿನ ಒಂದು ಕಲ್ಲೂ ಉಳಿದಿಲ್ಲ. ಬಹುಶಃ 68ರಲ್ಲಿ ಅವನು ಸತ್ತ ಮೇಲೆ ಅದನ್ನೂ ಕೆಡವಿರಬೇಕು. ಟ್ಯಾಸಿಟಸ್ ಅದನ್ನು ಹೆಸರಿಸುತ್ತಾನೆ, ವರ್ಣಿಸುವುದಿಲ್ಲ. ಆದರೆ ರೋಮಿನಲ್ಲೂ ಗಾಲ್ ಪ್ರಾಂತದ ಲುಗ್ಡುನಮ್‌ನಲ್ಲೂ ಅಚ್ಚಾದ ಸೆಸ್ಟರ್ಶಿಯಸ್‌ಗಳು ಅದನ್ನು ಓರೆಯಿಂದ, ಎರಡು ಮುಖ ಕಾಣುವಂತೆ ತೋರಿಸುತ್ತವೆ. ಪಕ್ಕದ ಗೂಡಿನಲ್ಲಿ ದೈತ್ಯಾಕಾರದ ಮಾರ್ಸ್, ನೆತ್ತಿಯ ಮೇಲೆ ನಾಲ್ಕು ಕುದುರೆಯ ರಥ. ಫ್ರೆಡ್ ಕ್ಲೈನರ್ 1985ರಲ್ಲಿ ಈ ಕಮಾನಿನ ಬಗ್ಗೆ ಇಡೀ ಒಂದು ಪುಸ್ತಕ ಬರೆದ. ಬೇರೆ ಬೇರೆ ಅಚ್ಚುಗಳು ಎಲ್ಲಿ ಒಪ್ಪುತ್ತವೆ, ಎಲ್ಲಿ ಒಪ್ಪುವುದಿಲ್ಲ ಎಂದು ಪಕ್ಕಪಕ್ಕದಲ್ಲಿಟ್ಟು ನೋಡದಿದ್ದರೆ ಅಂಥ ಪುಸ್ತಕ ಸಾಧ್ಯವಿರಲಿಲ್ಲ.

ಅಷ್ಟು ಎಚ್ಚರ ಎಲ್ಲರಿಗೂ ಇರಲಿಲ್ಲ. ಟ್ರೇಜನ್‌ನ ಒಂದು ನಾಣ್ಯದಲ್ಲಿ ನದಿಯ ಮೇಲೆ ಒಂದೇ ಕಮಾನಿನ ಸೇತುವೆ ಇದೆ, ಎರಡೂ ತುದಿಗೆ ಗೋಪುರ, ಕೆಳಗೊಂದು ದೋಣಿ. ಬಹಳ ಕಾಲ ಅದನ್ನು ಡಾನ್ಯೂಬ್ ಸೇತುವೆ ಎಂದೇ ಕರೆದರು. ಅಪೊಲೊಡೋರಸ್ ಕಟ್ಟಿದ ಆ ಸೇತುವೆಗೆ ಇಪ್ಪತ್ತು ಕಲ್ಲಿನ ಕಂಬಗಳಿದ್ದವೆಂದು ಕ್ಯಾಸಿಯಸ್ ಡಿಯೊ ಬರೆದಿದ್ದಾನೆ, ಟ್ರೇಜನ್‌ನ ವಿಜಯಸ್ತಂಭದ ಮೇಲೆ ಅದರ ಚಿತ್ರವೇ ಇದೆ. ಕಮಾನುಗಳನ್ನು ಕಡಿಮೆ ಮಾಡುವುದು ವಾಡಿಕೆ ಎಂದು ಒಂದು ಪಕ್ಷ, ಇದು ರೋಮಿನ ಹಳೆಯ ಸುಬ್ಲೀಷಿಯಸ್ ಸೇತುವೆ ಎಂದು ಇನ್ನೊಂದು ಪಕ್ಷ. ಇಪ್ಪತ್ತನ್ನು ಮೂರಕ್ಕಿಳಿಸಿದರೆ ವಾಡಿಕೆ ಎನ್ನೋಣ. ಒಂದಕ್ಕಿಳಿಸಿದರೆ ಅದು ಆ ಸೇತುವೆಯೇ ಎನ್ನುವ ಧೈರ್ಯ ನನಗಿಲ್ಲ.

ಪೂರ್ವದ ನಗರಗಳ ನಾಣ್ಯಗಳನ್ನು ರೋಮಿನವಕ್ಕಿಂತ ಕೀಳಾಗಿ ಕಾಣುವ ಚಟವೊಂದಿತ್ತು. ಕೆಲಸ ಒರಟು ಹೌದು. ಆದರೆ ತಮ್ಮೂರಿನ ಗುಡಿಯನ್ನು ದಿನವೂ ನೋಡುತ್ತಿದ್ದವರಿಗಾಗಿ ಮಾಡಿದ ಕೆಲಸ ಅದು. ಎಫೆಸಸ್‌ನ ನಾಣ್ಯಗಳಲ್ಲಿ ಆರ್ಟೆಮಿಸ್ ಗುಡಿಯ ಕಂಬ ನಾಲ್ಕು, ಆರು, ಎಂಟು ಎಂದು ಏರಿಳಿಯುತ್ತದೆ. ಆದರೆ ಕಂಬದ ಬುಡದಲ್ಲಿ ಶಿಲ್ಪದ ಸುತ್ತು, ಮೇಲಿನ ತ್ರಿಕೋನದಲ್ಲಿ ಕಿಟಕಿಗಳು ಮತ್ತೆ ಮತ್ತೆ ಬರುತ್ತವೆ. ಶಿಲ್ಪವಿರುವ ಅಂಥ ಕಂಬದ ತುಂಡು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಹಾಗಿದ್ದಮೇಲೆ ಕಿಟಕಿಗಳನ್ನೂ ತಳ್ಳಿಹಾಕುವಂತಿಲ್ಲ. ಇಂದಿನ ನಾಬ್ಲುಸ್ ಆದ ನಿಯಾಪೊಲಿಸ್‌ನ ನಾಣ್ಯ ಗೆರಿಜಿಮ್ ಬೆಟ್ಟವನ್ನೇ ಕೆತ್ತಿ, ನೆತ್ತಿಯ ಗುಡಿಗೆ ಉದ್ದದ ಮೆಟ್ಟಿಲ ಸಾಲು ಹಾಕಿತು. ಬೆಟ್ಟ ಅಗೆದಾಗ ಗುಡಿಯ ಅಡಿಪಾಯವೂ ಮೆಟ್ಟಿಲುಗಳ ಕುರುಹೂ ಸಿಕ್ಕವು. ಬಿಬ್ಲಸ್‌ನವರು ಮ್ಯಾಕ್ರಿನಸ್ ಕಾಲದಲ್ಲಿ ಗುಡಿಯ ಪಕ್ಕದ ಪ್ರಾಕಾರವನ್ನೂ ಅದರೊಳಗಿನ ಶಂಕುವಿನಾಕಾರದ ದೇವರ ಕಲ್ಲನ್ನೂ ಮೇಲಿನಿಂದ ನೋಡಿದಂತೆ ತೋರಿಸಿದರು. ರೋಮಿನ ಟಂಕಸಾಲೆ ಇಂಥ ಸಾಹಸಕ್ಕೆ ಕೈಹಾಕಿದ್ದು ಅಪರೂಪ.

ಇವನ್ನೆಲ್ಲ ಓದುವ ವಿದ್ಯೆಗೆ ಅಡಿಪಾಯ ಹಾಕಿದವ ಥಾಮಸ್ ಲೆವರ್ಟನ್ ಡೊನಾಲ್ಡ್‌ಸನ್. ವೃತ್ತಿಯಲ್ಲಿ ವಾಸ್ತುಶಿಲ್ಪಿ, ಲಂಡನ್‌ನಲ್ಲಿ ಪ್ರಾಧ್ಯಾಪಕ. 1859ರ ‘ಆರ್ಕಿಟೆಕ್ಚುರಾ ನ್ಯುಮಿಸ್ಮಾಟಿಕಾ’ದಲ್ಲಿ ಅವನು ನಾಣ್ಯಗಳನ್ನು ಕಳೆದುಹೋದ ಕಟ್ಟಡಗಳ ನಕ್ಷೆಯಂತೆ ಬಿಡಿಸಿಟ್ಟ. 1977ರಲ್ಲಿ ಮಾರ್ಟಿನ್ ಪ್ರೈಸ್ ಮತ್ತು ಬ್ಲೂಮಾ ಟ್ರೆಲ್ ಪೂರ್ವದ ನಗರಗಳಿಗಾಗಿ ಅದೇ ದಾರಿಯನ್ನು ಹೆಚ್ಚು ಜಾಣತನದಿಂದ ಹಿಡಿದರು. ಆಮೇಲೆ ಗಾಳಿ ತಿರುಗಿತು. ನೇಥನ್ ಎಲ್ಕಿನ್ಸ್‌ನ 2015ರ ಪುಸ್ತಕ ಬರುವ ಹೊತ್ತಿಗೆ ಕಟ್ಟಡ ಹೇಗಿತ್ತು ಎಂಬ ಪ್ರಶ್ನೆ ಹಿಂದೆ ಸರಿದು, ಅದನ್ನು ಯಾಕೆ ಹಾಕಿಸಿದರು, ಯಾರು ನೋಡಿದರು ಎಂಬುದು ಮುಂದೆ ಬಂದಿತ್ತು. ಇದು ಸರಿಯಾದ ತಿರುವು. ಆದರೆ ಎಲ್ಲವನ್ನೂ ಅಧಿಕಾರದ ಸಂದೇಶ ಎಂದುಬಿಟ್ಟರೆ ಕೊಲೋಸಿಯಂನ ಒಳಗೆ ಅಷ್ಟೊಂದು ಚುಕ್ಕೆಗಳನ್ನು ತಾಳ್ಮೆಯಿಂದ ಕೊರೆದವನಿಗೆ ಅನ್ಯಾಯವಾಗುತ್ತದೆ. ಸಂದೇಶಕ್ಕೆ ಅಷ್ಟು ಚುಕ್ಕೆ ಬೇಕಿರಲಿಲ್ಲ.

ಕಟ್ಟಡದ ನಾಣ್ಯಗಳು ಒಟ್ಟು ರಾಶಿಯಲ್ಲಿ ಸಣ್ಣ ಪಾಲು ಎಂಬುದನ್ನು ನಮ್ಮ ನೆಲವೇ ಹೇಳುತ್ತದೆ. ಚಿತ್ರದುರ್ಗದ ಚಂದ್ರವಳ್ಳಿ, ಬೆಂಗಳೂರಿನ ಯಶವಂತಪುರದಂಥ ಕಡೆ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳು ಹೆಚ್ಚಾಗಿ ಆಗಸ್ಟಸ್ ಮತ್ತು ಟೈಬೀರಿಯಸ್‌ರವು. ಭಾರತಕ್ಕೆ ಬಂದ ಇವರ ದಿನಾರಿಯಸ್‌ಗಳಲ್ಲಿ ಎರಡು ಬಗೆಯವೇ ರಾಶಿ: ಗುರಾಣಿಗಳ ಜೊತೆ ನಿಂತ ಆಗಸ್ಟಸ್‌ನ ಮೊಮ್ಮಕ್ಕಳು, ಕುಳಿತ ಹೆಂಗಸು. ಮೆಣಸಿಗೂ ಮುತ್ತಿಗೂ ಬದಲಾಗಿ ದಖನಿನವರೆಗೆ ಬಂದ ಬೆಳ್ಳಿಗೆ ಗುಡಿ ಗೋಪುರದ ಹಂಗಿರಲಿಲ್ಲ.

ಕೊನೆಗಾಲದಲ್ಲಿ ಈ ಕಲೆ ಸೊರಗಿತು. ಕಾನ್‌ಸ್ಟಂಟೈನ್ ಕಾಲದ ಸಣ್ಣ ತಾಮ್ರದ ನಾಣ್ಯಗಳಲ್ಲಿ ಎರಡು ಗೋಪುರದ, ಇಟ್ಟಿಗೆ ಸಾಲುಗಳ ಒಂದು ಬಾಗಿಲು ಸಾವಿರಗಟ್ಟಲೆ ಬರುತ್ತದೆ. ಸೇನಾ ಶಿಬಿರದ ಬಾಗಿಲೋ ಕಾವಲು ಗೋಪುರವೋ ಎಂದು ಜಗಳವಾಡುತ್ತಾರೆ. ಅದು ಯಾವ ಊರಿನದೂ ಅಲ್ಲವಾದ್ದರಿಂದ ಜಗಳಕ್ಕೆ ಹುರುಪಿಲ್ಲ. ಹುರುಪಿನ ಜಗಳ ಬೇಕಿದ್ದರೆ ದೇವರಾದ ಆಗಸ್ಟಸ್‌ನ ಗುಡಿಗೆ ಹೋಗಬೇಕು. ಕಲಿಗುಲಾನ ಸೆಸ್ಟರ್ಶಿಯಸ್ ಹೂಮಾಲೆ ಹಾಕಿದ ಆರು ಕಂಬದ ಗುಡಿಯ ಮುಂದೆ ಬಲಿ ಕೊಡುವುದನ್ನು ತೋರಿಸುತ್ತದೆ. ಶತಮಾನಕ್ಕೂ ಹೆಚ್ಚು ಕಾಲದ ನಂತರ ಆ ಗುಡಿಯ ಜೀರ್ಣೋದ್ಧಾರ ಮಾಡಿಸಿದ ಆಂಟೊನಿನಸ್ ಪಯಸ್‌ನ ನಾಣ್ಯದಲ್ಲಿ ಕಂಬ ಎಂಟು. ನಡುವೆ ಗುಡಿಯ ರೂಪ ಬದಲಾಯಿತೋ, ಕಲಿಗುಲಾನದು ಬೇರೆ ಗುಡಿಯೋ, ಕೆತ್ತನೆಗಾರ ಎರಡು ಕಂಬ ಬಿಟ್ಟನೋ ಎಂಬುದರ ಮೇಲೆ ಪುಟಗಟ್ಟಲೆ ವಾದವಾಗಿದೆ. ಗುಡಿ ಫೋರಂನ ಹಿಂದೆ ಎಲ್ಲೋ ಇತ್ತೆಂದು ಎಲ್ಲರೂ ಒಪ್ಪುತ್ತಾರೆ. ಅದರ ಅಡಿಪಾಯವನ್ನು ಇನ್ನೂ ಯಾರೂ ಅಗೆದು ತೆಗೆದಿಲ್ಲ.