ಕೈಮುಂಡೆಗೆ ಮೊಟ್ಟೆ ಯಾಕೆ?

ಹೊಸತೊಡಕಿಗೆ ನೆಂಟರು ತುಂಬಿದ ಮನೆಯಲ್ಲಿ ಸುಲಭವಾಗಲೆಂದು, ಓವನ್ನಿನಲ್ಲಿ ಕೈಮುಂಡೆ ಬೇಯಿಸುವ ಬಗೆ ಬರೆಯುತ್ತೇನೆಂದು ಕಳೆದ ವಾರ ಹೇಳಿದ್ದೆ. ಬರೆಯುತ್ತೇನೆ. ಅದಕ್ಕೂ ಮೊದಲು ಮೊಟ್ಟೆಯ ತಕರಾರು ತೀರಬೇಕು.

ಕೈಮಕ್ಕೆ ಮೊಟ್ಟೆ ಒಡೆದು, ಬ್ರೆಡ್ ಪುಡಿ ಬೆರೆಸುವ ಚಾಳಿ ತುಮಕೂರಿನ ಅಡುಗೆಮನೆಗಳಿಗೂ ಬಂದಿದೆ. ಇಲ್ಲದಿದ್ದರೆ ಉಂಡೆ ಒಡೆಯುತ್ತದಂತೆ. ಗುಬ್ಬಿ, ಕುಣಿಗಲ್ ಕಡೆ ಕುದಿಯುವ ಸಾರಿಗೇ ಉಂಡೆ ಬಿಡುತ್ತಾರಲ್ಲ? ಗಟ್ಟಿಯಾಗುವವರೆಗೆ ಸೌಟು ಹಾಕುವುದಿಲ್ಲ, ಅಷ್ಟೇ. ಅಷ್ಟು ಕುದಿತ ತಾಳಿಕೊಳ್ಳುವ ಉಂಡೆ ಅಲುಗಾಡದ ತಟ್ಟೆಯ ಮೇಲೆ ಒಡೆದೀತೆ?

ಹಿಡಿತ ಕೊಡುವುದು ಉಪ್ಪು ಮತ್ತು ಕೈ. ಉಪ್ಪು ಹಾಕಿ ನಾದಿದಾಗ ಮಾಂಸದೊಳಗಿನ ಪ್ರೋಟೀನು ಹೊರಬಂದು ಅಂಟಾಗುತ್ತದೆ. ಅಂಗೈಗೆ ಅಂಟುವ ತನಕ ನಾದಬೇಕು. ಮೇಲೆ ಹುರಿಗಡಲೆ ಪುಡಿ: ಅದು ಮೊದಲೇ ಹುರಿದದ್ದು, ಹಸಿ ವಾಸನೆಯಿಲ್ಲ, ಮಾಂಸ ಬಿಡುವ ರಸವನ್ನು ಹೀರಿ ಒಳಗೇ ಇಟ್ಟುಕೊಳ್ಳುತ್ತದೆ. ಮೊಟ್ಟೆ ಹೆಚ್ಚಾದರೆ ಉಂಡೆ ರಬ್ಬರಿನಂತೆ ಪುಟಿಯುತ್ತದೆ.

ಮಾಂಸದಡುಗೆಯ ಮಾತು ಬಂದಾಗ ಮಂಗರಸನ ಸೂಪಶಾಸ್ತ್ರ ನೆರವಿಗೆ ಬಾರದು, ಅದು ಪೂರ್ತಿ ಸಸ್ಯಾಹಾರದ ಗ್ರಂಥ. ನಾನು ಮತ್ತೆ ಮತ್ತೆ ತೆರೆಯುವುದು ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ ಮಾನಸೋಲ್ಲಾಸವನ್ನು. 12ನೇ ಶತಮಾನದ ಈ ಸಂಸ್ಕೃತ ಕೃತಿಯ ಅನ್ನಭೋಗದ ಭಾಗದಲ್ಲಿ ಕೊಚ್ಚಿದ ಮಾಂಸವನ್ನು ಉಂಡೆ ಕಟ್ಟುವುದೂ ಇದೆ, ಬದನೆಕಾಯಿಯೊಳಗೆ ತುಂಬುವುದೂ ಇದೆ. ನಮ್ಮ ನೆಲದ ದೊರೆಯೊಬ್ಬ ಕೈಮವನ್ನು ಇಷ್ಟು ಆಸ್ಥೆಯಿಂದ ಬರೆಸಿದ್ದಾನೆಂಬುದು ನನಗೆ ಇಂದಿಗೂ ಹೆಮ್ಮೆ.

ಇನ್ನು ಓವನ್ನಿನ ಮಾತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹಂದಿ ಸಾಸೇಜು, ಚೆಡ್ಡಾರ್ ಚೀಸ್, ಬಿಸ್ಕ್ವಿಕ್ ಎಂಬ ಸಿದ್ಧ ಹಿಟ್ಟು ಕಲಸಿ, ಉಂಡೆ ಕಟ್ಟಿ ಓವನ್ನಿಗಿಡುತ್ತಾರೆ. ಕ್ರಿಸ್ಮಸ್ ಪಾರ್ಟಿಗೂ ಅದೇ, ಬೆಳಗಿನ ತಿಂಡಿಗೂ ಅದೇ. ಅಲ್ಲೂ ಸಾಮಾನ್ಯವಾಗಿ ಮೊಟ್ಟೆಯಿಲ್ಲ! ಅವರ ಹಿಟ್ಟಿನ ಜಾಗದಲ್ಲಿ ನಮ್ಮ ಹುರಿಗಡಲೆ.

ಅರ್ಧ ಕಿಲೋ ಕುರಿ ಕೈಮಕ್ಕೆ ಆರು ಚಮಚ ಹುರಿಗಡಲೆ ಪುಡಿ ಸಾಕು. ಕೊಬ್ಬು ಬಿಡಿಸಿದ ಕೈಮ ಬೇಡ, ಬೆಂದಾಗ ಒರಟಾಗುತ್ತದೆ. ಕೈಮವನ್ನು ತೊಳೆದು ನೀರಾಗಿಸಬೇಡಿ. ತೆಂಗಿನಕಾಯಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಚಕ್ಕೆ, ಲವಂಗ, ಕೊತ್ತಂಬರಿಸೊಪ್ಪನ್ನು ನೀರು ಹಾಕದೆ ಅರೆಯಿರಿ. ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಹಿಂಡಿ. ಎಲ್ಲವನ್ನೂ ಉಪ್ಪಿನೊಂದಿಗೆ ಕೈಮಕ್ಕೆ ಬೆರೆಸಿ, ಮೇಲೆ ಹೇಳಿದಂತೆ ನಾದಿ. ಬೆಟ್ಟದ ನೆಲ್ಲಿಕಾಯಿಯಷ್ಟು ದಪ್ಪ ಉಂಡೆ ಕಟ್ಟಿ, ಎಣ್ಣೆ ಸವರಿದ ತಟ್ಟೆಯಲ್ಲಿ ಬಿಡಿಬಿಡಿಯಾಗಿಟ್ಟು, ಮೊದಲೇ ಕಾಯಿಸಿದ ಓವನ್ನಿನಲ್ಲಿ 200 ಡಿಗ್ರಿಯಲ್ಲಿ 18-20 ನಿಮಿಷ ಬೇಯಿಸಿ. ಒಂದನ್ನು ಮುರಿದು ನೋಡಿ, ನಡುವೆ ಕೆಂಪು ಉಳಿದಿರಬಾರದು.

ತಿಂಡಿಗಾದರೆ ರಾತ್ರಿಯೇ ಉಂಡೆ ಕಟ್ಟಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ತಟ್ಟೆ ಇಡ್ಲಿ ಹಬೆಯಲ್ಲಿರುವಾಗ ಓವನ್ನಿಗೆ ಸೇರಿಸಿ. ತಣ್ಣಗಿರುವುದರಿಂದ ಎರಡು ಮೂರು ನಿಮಿಷ ಹೆಚ್ಚು ಕೊಡಿ.