ಕೊನೆಯ ಸಾಲು ಬಿಟ್ಟ ವಚನ

ಕಾರ್ಯಕ್ರಮ ನಿರೂಪಿಸುವವರಿಗೆ ಒಂದು ಅಭ್ಯಾಸವಿದೆ. ಸಂದರ್ಭ ಯಾವುದೇ ಇರಲಿ, ಅದಕ್ಕೆ ಹೊಂದುವ ವಚನವೊಂದನ್ನು ಹುಡುಕಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು. ಮಹಿಳಾ ದಿನಾಚರಣೆಗೆ ಅಕ್ಕಮಹಾದೇವಿ, ಪುಸ್ತಕ ಬಿಡುಗಡೆಗೆ ಅಲ್ಲಮ. ‘ಡೈವರ್ಸಿಟಿ ಅಂಡ್ ಇನ್‌ಕ್ಲೂಷನ್’ ಎಂಬ ಹೆಸರಿನ ಕಾರ್ಯಕ್ರಮಕ್ಕಂತೂ ಹುಡುಕಬೇಕಾದ್ದೇ ಇಲ್ಲ. ಇವನು ಯಾರವನು ಎಂದು ಕೇಳಿಸದಿರು, ನಮ್ಮವನು ಎನ್ನಿಸು ಎಂದು ಬಸವಣ್ಣನವರು ಬೇಡಿಕೊಳ್ಳುವ ಆ ವಚನ ಎಲ್ಲರಿಗೂ ಬಾಯಿಪಾಠ. ಎರಡು ವರ್ಷದ ಹಿಂದೆ ಪಶ್ಚಿಮ ಬೆಂಗಳೂರಿನ ಒಂದು ವಿದ್ಯಾಸಂಸ್ಥೆಯಲ್ಲಿ ಸ್ನಾತಕೋತ್ತರ ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳಿಗಾಗಿ ನಡೆದ ಅಂಥದೊಂದು ಕಾರ್ಯಕ್ರಮದಲ್ಲಿ ಅದನ್ನು ಓದಿದವನು ನಾನೇ. ಓದಿದ್ದು ಪೂರ್ತಿಯಲ್ಲ. ಕೊನೆಯ ಸಾಲು ಬಿಟ್ಟೆ. ಅಂಕಿತ ಬಂದರೆ ಧಾರ್ಮಿಕ ಅನ್ನಿಸೀತು ಎಂದು ಸಂಘಟಕರು ಹೇಳಿದ್ದರು. ನನಗೂ ಸರಿ ಅನ್ನಿಸಿತ್ತು.

ಆ ಸಾಲು ಬಿಟ್ಟರೆ ಏನಾಗುತ್ತದೆ ಎಂಬುದು ಆಮೇಲೆ ಹೊಳೆಯಿತು. ವಚನದ ಕೊನೆಗೆ ಮಾತನಾಡುತ್ತಿರುವವನು ಕೂಡಲಸಂಗಮನನ್ನು ಕೇಳುವುದು ತನ್ನನ್ನು ಆ ಮನೆಯ ಮಗನೆಂದು ಎಣಿಸುವಂತೆ. ಅಂದರೆ ಯಾರವನು ಎಂಬ ಪ್ರಶ್ನೆ ಎದುರಾಗಿರುವುದು ಬೇರೆ ಯಾರಿಗೋ ಅಲ್ಲ, ಮಾತನಾಡುತ್ತಿರುವವನಿಗೇ. ಅವನು ಬಾಗಿಲಲ್ಲಿ ನಿಂತಿದ್ದಾನೆ. ಕೊನೆಯ ಸಾಲು ತೆಗೆದ ಕೂಡಲೇ ಅದೇ ಮಾತು ಒಳಗಿರುವವನ ಮಾತಾಗಿಬಿಡುತ್ತದೆ. ಮನೆಯ ಯಜಮಾನ ಹೊಸ್ತಿಲಿಗೆ ಬಂದು ‘ಬಾರಪ್ಪಾ, ನೀನೂ ನಮ್ಮವನೇ’ ಎಂದು ಔದಾರ್ಯ ತೋರಿದಂತೆ ಕೇಳುತ್ತದೆ. ಬೇಡುವವನ ಮಾತು ನೀಡುವವನ ಮಾತಾಗಿ ತಿರುಗಿದ್ದು ಒಂದೇ ಸಾಲಿನ ಕತ್ತರಿಯಿಂದ. ನಮ್ಮ ಕ್ಯಾಂಪಸ್ಸುಗಳ ಈ ಕಾರ್ಯಕ್ರಮಗಳನ್ನು ಒಂದು ಪಠ್ಯದಂತೆ ಓದಬೇಕು ಎಂದು ನನಗೆ ಅನ್ನಿಸಿದ್ದು ಅಲ್ಲಿಂದ.

ಪಠ್ಯದಂತೆ ಓದುವುದೆಂದರೆ ಮೊದಲು ಪದಗಳನ್ನು ನೋಡಬೇಕಲ್ಲ. ‘ಇನ್‌ಕ್ಲೂಷನ್’ಗೆ ನಾವು ಒಪ್ಪಿಕೊಂಡಿರುವ ಕನ್ನಡ ‘ಒಳಗೊಳ್ಳುವಿಕೆ’. ಆಮಂತ್ರಣ ಪತ್ರಿಕೆಗೆ ಆ ಪದ ಹಾಕಿದವನೂ ನಾನೇ. ಒಳಗು, ಕೊಳ್ಳು. ಇಲ್ಲಿ ಕ್ರಿಯೆ ಯಾರದು? ಈಗಾಗಲೇ ಒಳಗೆ ಇರುವವರದು. ಹೊರಗಿನವರು ವ್ಯಾಕರಣದಲ್ಲೂ ಕರ್ಮಪದವೇ. ಯಾರೋ ಅವರನ್ನು ಒಳಗೆ ತೆಗೆದುಕೊಳ್ಳಬೇಕು. ಕನ್ನಡದಲ್ಲಿ ಅದೇ ‘ಕೊಳ್ಳು’ ಸೇರಿದ ಇನ್ನೊಂದು ಪದವಿದೆ: ಪಾಲ್ಗೊಳ್ಳು. ಪಾಲನ್ನು ಕೊಳ್ಳುವುದು. ಇಲ್ಲಿ ಕ್ರಿಯೆ ಪಾಲು ಪಡೆಯುವವರದು. ದಿನಬಳಕೆಯಲ್ಲಿ ನಾವು ಆ ಪದವನ್ನು ‘ಹಾಜರಾಗು’ ಎಂಬಷ್ಟಕ್ಕೆ ಸವೆಸಿದ್ದೇವೆ. ‘ಕಾರ್ಯಕ್ರಮದಲ್ಲಿ 200 ವಿದ್ಯಾರ್ಥಿಗಳು ಪಾಲ್ಗೊಂಡಿದ್ದರು’ ಎಂದು ವರದಿ ಬರೆಯುವಾಗ ಅವರು ಯಾವುದರ ಪಾಲು ತೆಗೆದುಕೊಂಡರು ಎಂದು ಯಾರೂ ಕೇಳುವುದಿಲ್ಲ. ಉಪ್ಪಿಟ್ಟು, ಕೇಸರಿಬಾತು ಅನ್ನಬಹುದು.

ಈ ಕಾರ್ಯಕ್ರಮಗಳಿಗೆ ಒಂದು ಸಿದ್ಧ ರೂಪವಿದೆ, ಯಕ್ಷಗಾನಕ್ಕೆ ಪೂರ್ವರಂಗ ಇರುವ ಹಾಗೆ. ನಾಡಗೀತೆ, ದೀಪ, ಗಿಡಕ್ಕೆ ನೀರು, ಅತಿಥಿಗಳ ಪರಿಚಯ, ಇಂಗ್ಲಿಷಿನಲ್ಲಿ ಒಂದು ಪಿಪಿಟಿ. ಅದರ ನಂತರ ‘ಅನುಭವ ಹಂಚಿಕೆ’. ಉಳಿದೆಲ್ಲ ಯಾವ ಕಾರ್ಯಕ್ರಮದಲ್ಲೂ ಇರುವಂಥದೇ. ಈ ಪ್ರಕಾರಕ್ಕೆ ಅದರದೇ ಗುರುತು ಕೊಡುವುದು ಅನುಭವ ಹಂಚಿಕೆ. ಒಬ್ಬ ವಿದ್ಯಾರ್ಥಿ ವೇದಿಕೆಗೆ ಬಂದು ಐದು ನಿಮಿಷದಲ್ಲಿ ತನ್ನ ಕಷ್ಟ ಹೇಳಬೇಕು. ಮೊದಲು ಬಡತನ, ನಡುವೆ ಅವಮಾನ, ಕೊನೆಗೆ ಸಂಸ್ಥೆಗೆ ಕೃತಜ್ಞತೆ. ಅವಮಾನ ಎಲ್ಲಿ ಆಯಿತು ಎಂಬುದು ಊರಿನ ಹೆಸರಾಗಿರಬೇಕು, ವಿಭಾಗದ ಹೆಸರಾಗಬಾರದು. ಹೀಗೆಂದು ಯಾರೂ ಬರೆದು ಕೊಟ್ಟಿಲ್ಲ. ಆದರೆ ಎಲ್ಲರಿಗೂ ಗೊತ್ತು.

ಆ ಸಲ ಮಾತನಾಡಬೇಕಿದ್ದವರು ನನ್ನ ಸಹಸಂಶೋಧಕಿ, ರಾಯಚೂರು ಕಡೆಯವರು. ಮನೆಯಲ್ಲಿ ಹೈಸ್ಕೂಲು ದಾಟಿದ ಮೊದಲಿಗರು. ಅವರು ತಮ್ಮ ಸಂಶೋಧನೆಯ ಬಗ್ಗೆ ನಾಲ್ಕು ಪುಟ ಬರೆದು ತಂದಿದ್ದರು: ಕೆರೆ ಕಟ್ಟಿಸಿದವರ ಹೆಸರು ಶಾಸನದಲ್ಲಿ ಉಳಿಯುತ್ತದೆ, ಮಣ್ಣು ಹೊತ್ತವರು ಎಲ್ಲಿ ಉಳಿಯುತ್ತಾರೆ ಎಂಬ ಪ್ರಶ್ನೆ ಇಟ್ಟುಕೊಂಡು. ಸಂಘಟಕರು, ಇದು ಸೆಮಿನಾರಿಗೆ ಚೆನ್ನಾಗಿದೆ, ಇಲ್ಲಿ ಸ್ವಲ್ಪ ನಿಮ್ಮ ಲೈಫ್ ಸ್ಟೋರಿ ಹೇಳಿ ಎಂದರು. ಪುಟಗಳನ್ನು ಕಡಿಮೆ ಮಾಡಿಸುವ ಕೆಲಸ ನಿರೂಪಕನಾದ ನನಗೆ ಬಂತು. ಅವರು ನನ್ನ ಮುಖ ನೋಡಿ ಕೇಳಿದರು: ‘ನೋಡ್ರಿ, ನನ್ನ ಕಥಿ ಕೇಳಾಕ ಕರದೀರೋ, ನನ್ನ ಮಾತು ಕೇಳಾಕ ಕರದೀರೋ?’

ನನ್ನ ಬಳಿ ಉತ್ತರವಿರಲಿಲ್ಲ. ಅವರು ವೇದಿಕೆಗೆ ಹೋದರು. ಕೆರೆಯ ಮಾತೂ ಆಡಲಿಲ್ಲ, ಕಷ್ಟದ ಕಥೆಯೂ ಹೇಳಲಿಲ್ಲ. ಹುಡುಗಿಯರ ಹಾಸ್ಟೆಲಿನ ಗೇಟು ರಾತ್ರಿ ಎಂಟಕ್ಕೆ ಮುಚ್ಚುತ್ತದೆ, ಗ್ರಂಥಾಲಯವೂ ಎಂಟಕ್ಕೇ ಮುಚ್ಚುತ್ತದೆ, ಎರಡರ ನಡುವೆ ನಡೆಯಲು ಇಪ್ಪತ್ತು ನಿಮಿಷ ಬೇಕು, ಹಾಗಾಗಿ ತಮ್ಮ ಪಾಲಿಗೆ ಗ್ರಂಥಾಲಯ ಏಳು ನಲವತ್ತಕ್ಕೇ ಮುಚ್ಚುತ್ತದೆ ಎಂದಷ್ಟು ಹೇಳಿ ಇಳಿದರು. ಎರಡು ನಿಮಿಷವೂ ಆಗಲಿಲ್ಲ. ಸಭೆಯಲ್ಲಿ ಯಾರಿಗೂ ಅಳು ಬರಲಿಲ್ಲ. ವಂದನಾರ್ಪಣೆಯಲ್ಲಿ ಅವರ ‘ಧೈರ್ಯ’ಕ್ಕೆ ಅಭಿನಂದನೆ ಸಂದಿತು. ವರದಿಯಲ್ಲಿ ಫೋಟೊ ಬಂತು. ಗೇಟಿನ ವಿಷಯ ಬರಲಿಲ್ಲ.

ಇಲ್ಲಿ ನಾನು ಸಿದ್ಧಲಿಂಗಯ್ಯನವರ ‘ಊರು ಕೇರಿ’ಗೆ ಬರಬೇಕು. ಈ ಭಾಗದವರಾದ ನಮಗೆ ಅದು ನಮ್ಮ ಬೀದಿಗಳ ಪುಸ್ತಕವೂ ಹೌದು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಹುಡುಗ ಬೆಂಗಳೂರಿಗೆ ಬಂದು ಬೆಳೆದದ್ದು ರಾಜಾಜಿನಗರದ ಮಗ್ಗುಲಿಗಿರುವ ಶ್ರೀರಾಮಪುರದಲ್ಲಿ, ಮಾಗಡಿ ರಸ್ತೆ ಕಡೆಯ ಗೋಪಾಲಪುರದ ಹಾಸ್ಟೆಲಿನಲ್ಲಿ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಗ್ರಾಮದೇವತೆಗಳ ಮೇಲೆ ಪಿಎಚ್.ಡಿ. ಮಾಡಿ, ಅಲ್ಲಿಯ ಕನ್ನಡ ಅಧ್ಯಯನ ಕೇಂದ್ರದಲ್ಲೇ ಪ್ರಾಧ್ಯಾಪಕರಾದರು. ಇವತ್ತಿನ ಯಾವ ಅನುಭವ ಹಂಚಿಕೆಗೂ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗದು. ಆದರೆ ಆ ಪುಸ್ತಕದಿಂದ ಐದು ನಿಮಿಷದ ಭಾಷಣ ತೆಗೆಯಲು ಪ್ರಯತ್ನಿಸಿ ನೋಡಿ, ಆಗುವುದಿಲ್ಲ. ಮೊದಲ ಪುಟದಲ್ಲೇ ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟು ಉಳುತ್ತಿರುತ್ತಾರೆ, ಅವರಲ್ಲಿ ಒಬ್ಬರು ಅಪ್ಪ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ನಿಂತು ನಮ್ಮ ಕಣ್ಣೀರಿಗೆ ಕಾಯುತ್ತಿದ್ದರು. ಸಿದ್ಧಲಿಂಗಯ್ಯ ಕಾಯುವುದಿಲ್ಲ, ಮುಂದಿನ ಪ್ರಸಂಗಕ್ಕೆ ಹೋಗಿಬಿಡುತ್ತಾರೆ. ಓದಿಕೊಳ್ಳಲು ಶ್ರೀರಾಮಪುರದ ಸ್ಮಶಾನಕ್ಕೆ ಹೋಗುತ್ತಿದ್ದುದನ್ನು ಹೇಳುವಾಗಲೂ ಅವರ ದನಿಯಲ್ಲಿ ಇರುವುದು ತುಂಟತನ. ನಗರ ತನಗೆ ಓದುವ ಕೋಣೆ ಕೊಡಲಿಲ್ಲ ಎಂಬ ದೂರು ಅಲ್ಲಿ ಖಂಡಿತ ಇದೆ, ಆದರೆ ನಾವು ನಕ್ಕ ಮೇಲೆ ಅದು ಚುಚ್ಚುತ್ತದೆ. ಡಿ.ಆರ್. ನಾಗರಾಜ್ ಈ ಕೃತಿಯ ಬಗ್ಗೆ ಬರೆಯುತ್ತ ಗುರುತಿಸಿದ್ದು ಬಡವರ ನಗುವಿಗಿರುವ ಶಕ್ತಿಯನ್ನು. ನಗು ಅನುಕಂಪಕ್ಕೆ ಜಾಗ ಕೊಡುವುದಿಲ್ಲ. ಅನುಕಂಪಕ್ಕೆ ಜಾಗವಿಲ್ಲದ ಕಡೆ ಈ ಕಾರ್ಯಕ್ರಮ ನಡೆಯುವುದೇ ಕಷ್ಟ.

ಅರವಿಂದ ಮಾಲಗತ್ತಿಯವರದು ಇನ್ನೊಂದು ದಾರಿ. 1994ರಲ್ಲಿ ಬಂದ ‘ಗೌರ್ಮೆಂಟ್ ಬ್ರಾಹ್ಮಣ’ದ ಶೀರ್ಷಿಕೆಯೇ ಒಂದು ಕುಹಕ. ಮೀಸಲಾತಿ, ವಿದ್ಯಾರ್ಥಿವೇತನ ಪಡೆಯುವ ದಲಿತ ವಿದ್ಯಾರ್ಥಿಗಳನ್ನು ಚುಚ್ಚಲು ಜೊತೆಯವರು ಬಳಸುತ್ತಿದ್ದ ಮಾತನ್ನು ಅವರು ಎತ್ತಿಕೊಂಡು ಮುಖಪುಟಕ್ಕೆ ಅಂಟಿಸಿದರು. ಆಡಿದವರ ಮಾತನ್ನು ಆಡಿದವರ ಮುಂದೆಯೇ ಇಡುವುದು. ಇಲ್ಲಿ ಓದುಗನಿಗೆ ಸಾಂತ್ವನ ಹೇಳುವ ಪಾತ್ರ ಸಿಗುವುದಿಲ್ಲ, ಆ ಮಾತನ್ನು ತಾನೂ ಎಂದಾದರೂ ಆಡಿದ್ದೆನೇ ಎಂದು ನೆನಪಿಸಿಕೊಳ್ಳುವ ಪಾತ್ರ ಸಿಗುತ್ತದೆ. ಹಾಸ್ಟೆಲುಗಳಲ್ಲಿ ಇವತ್ತು ಆ ಪದ ಕೇಳಿಸದಿರಬಹುದು. ‘ಕೋಟಾದಲ್ಲಿ ಬಂದವರು’, ‘ನಿಮ್ಮ ರ‍್ಯಾಂಕ್ ಎಷ್ಟು?’ ಎಂಬುದು ಕೇಳಿಸುತ್ತದೆ. ಪದ ಬದಲಾಗಿದೆ, ದನಿ ಅದೇ.

ಇವೆರಡೂ ವೇದಿಕೆಯಿಂದ ಹುಟ್ಟಿದ ಬರವಣಿಗೆಯಲ್ಲ. 1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದಾಗ ನಡೆದ ಗಲಾಟೆ ಎಲ್ಲರಿಗೂ ಗೊತ್ತಿರುವುದೇ. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಆ ದಿನಗಳಲ್ಲಿ ವಿದ್ಯಾರ್ಥಿಗಳು ಹಾಸ್ಟೆಲ್ ಕೋಣೆಗಳಲ್ಲಿ, ಹೋಟೆಲುಗಳ ಮುಂದೆ ನಿಂತು ನಡೆಸಿದ ವಾದಗಳಿಂದ ಒಂದು ಚಳವಳಿ ಎದ್ದಿತು, ‘ಹೊಲೆಮಾದಿಗರ ಹಾಡು’ ಬಂತು. ಆ ವಾದಗಳಿಗೆ ಯಾರೂ ಬ್ಯಾನರ್ ಕಟ್ಟಿರಲಿಲ್ಲ.

ಹಾಗಾದರೆ ಇಂಥ ಕಾರ್ಯಕ್ರಮಗಳೇ ಬೇಡವೇ? ನನ್ನ ಗೆಳೆಯರಲ್ಲಿ ಕೆಲವರು ಹಾಗೆನ್ನುತ್ತಾರೆ. ನಾನು ಅಷ್ಟು ದೂರ ಹೋಗಲಾರೆ. ಅದೇ ದಿನ ಮಧ್ಯಾಹ್ನ, ದೃಷ್ಟಿ ಇಲ್ಲದ ಎಂ.ಎ. ವಿದ್ಯಾರ್ಥಿಯೊಬ್ಬನಿಗೆ ಊಟದ ಸಾಲಿನಲ್ಲಿ ಪರೀಕ್ಷೆಗೆ ಲಿಪಿಕಾರರಾಗುವ ಇಬ್ಬರು ಸಿಕ್ಕರು. ಕಾರ್ಯಕ್ರಮ ಇರದಿದ್ದರೆ ಅವರು ಒಬ್ಬರಿಗೊಬ್ಬರು ಸಿಗುತ್ತಿರಲಿಲ್ಲ. ಎ. ರೇವತಿಯವರ ಆತ್ಮಕತೆಯನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದಿದ್ದಾರೆಂದು ಎಷ್ಟೋ ಜನಕ್ಕೆ ಗೊತ್ತಾದದ್ದೂ ಇಂಥದೇ ಇನ್ನೊಂದು ಸಭೆಯಲ್ಲಿ. ನನ್ನ ತಕರಾರು ಸಭೆ ಸೇರುವುದರ ಬಗ್ಗೆ ಅಲ್ಲ, ಸಭೆ ಏನನ್ನು ಕೇಳಿಸಿಕೊಳ್ಳುತ್ತದೆ ಎಂಬುದರ ಬಗ್ಗೆ.

ರೋಹಿತ್ ವೇಮುಲನ ಕೊನೆಯ ಪತ್ರವನ್ನು ಈ ಸಭೆಗಳಲ್ಲಿ ಓದುವ ರೀತಿಯನ್ನು ಗಮನಿಸಿ. ಹೈದರಾಬಾದ್ ವಿಶ್ವವಿದ್ಯಾಲಯದ ಆ ಸಂಶೋಧನಾ ವಿದ್ಯಾರ್ಥಿ ತೀರಿಕೊಂಡದ್ದು 2016ರ ಜನವರಿ 17ರಂದು. ಕಾರ್ಲ್ ಸಾಗನ್ ಥರ ವಿಜ್ಞಾನ ಬರಹಗಾರನಾಗಬೇಕೆಂಬ ಅವನ ಆಸೆ, ನಕ್ಷತ್ರಗಳ ಮಾತು, ಇವನ್ನು ಗದ್ಗದಿತರಾಗಿ ಓದುತ್ತೇವೆ. ಅದೇ ಪತ್ರದಲ್ಲಿ ತನಗೆ ಏಳು ತಿಂಗಳ ಫೆಲೋಶಿಪ್, 1 ಲಕ್ಷ 75 ಸಾವಿರ ರೂಪಾಯಿ ಬರಬೇಕಿದೆ, ಅದು ಮನೆಯವರಿಗೆ ಸೇರುವಂತೆ ನೋಡಿಕೊಳ್ಳಿ ಎಂಬ ಭಾಗವೂ ಇದೆ. ಸಾಲ ಕೊಟ್ಟ ಗೆಳೆಯನಿಗೆ ಹಣ ವಾಪಸು ಕೊಡಬೇಕೆಂಬ ಮಾತೂ ಇದೆ. ಅದನ್ನು ವೇದಿಕೆಯಲ್ಲಿ ಯಾರಾದರೂ ಓದಿದ್ದನ್ನು ನಾನು ಕೇಳಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವೇ ಕವಿತೆಯಂತಿರುವ ಭಾಗವನ್ನು ಇಟ್ಟುಕೊಂಡು ಲೆಕ್ಕದ ಭಾಗವನ್ನು ಬಿಡುತ್ತೇವೆ. ವಚನದ ಕೊನೆಯ ಸಾಲಿಗೆ ಆದದ್ದೇ ಇಲ್ಲೂ ಆಗುತ್ತದೆ. ಯಾರು ಯಾರಿಗೆ ಏನು ಕೊಡಬೇಕಿದೆ ಎಂಬುದು ಇರುವುದು ಬಿಟ್ಟ ಸಾಲಿನಲ್ಲೇ.

ಲೆಕ್ಕದ ಭಾಗ ಬೇಸರದ್ದು, ಒಪ್ಪುತ್ತೇನೆ. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸಮಾನ ಅವಕಾಶ ಕೋಶ ಇರಬೇಕು, ತಾರತಮ್ಯ ತಡೆಯುವ ಅಧಿಕಾರಿ ಇರಬೇಕು ಎಂದು ಯುಜಿಸಿ ನಿಯಮ ಮಾಡಿದ್ದು 2012ರಲ್ಲಿ. ಅದು ಸರಿಯಾಗಿ ಜಾರಿಯಾಗುತ್ತಿಲ್ಲವೆಂದು ರೋಹಿತನ ತಾಯಿ ರಾಧಿಕಾ ವೇಮುಲ ಮತ್ತು ಮುಂಬೈಯ ವೈದ್ಯ ವಿದ್ಯಾರ್ಥಿನಿ ಪಾಯಲ್ ತಡ್ವಿಯ ತಾಯಿ ಆಬೆದಾ ತಡ್ವಿ 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2026ರ ಜನವರಿಯಲ್ಲಿ ಯುಜಿಸಿ ಹೊಸ ನಿಯಮ ತಂದಿತು, ಅದೇ ತಿಂಗಳು ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧಕರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ನಿಲ್ಲಿಸುವುದಾಗಿ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಹೇಳಿದ್ದು 2022ರ ಡಿಸೆಂಬರಿನಲ್ಲಿ. ಇವುಗಳನ್ನು ಒಂದು ಹಾಳೆಯಲ್ಲಿ ಬರೆದು ಸಭೆಯಲ್ಲಿ ಓದಿದರೆ ಯಾರ ಕಣ್ಣೂ ಒದ್ದೆಯಾಗುವುದಿಲ್ಲ. ಆದರೆ ನಮ್ಮ ಸಂಸ್ಥೆಯಲ್ಲಿ ಆ ಅಧಿಕಾರಿ ಯಾರು, ಅವರ ಕೋಣೆ ಎಲ್ಲಿದೆ ಎಂದು ನನಗೆ ಅವತ್ತು ಗೊತ್ತಿರಲಿಲ್ಲ. ವೈವಿಧ್ಯದ ಬಗ್ಗೆ ಮೂರು ಗಂಟೆ ನಿರೂಪಣೆ ಮಾಡಿದ್ದೆ.

ಸಹಸಂಶೋಧಕಿಯ ಕೆರೆಯ ಪ್ರಬಂಧವನ್ನು ಆಮೇಲೆ ಕೇಳಿದೆವು. ಒಂದು ಭಾನುವಾರ ಬೆಳಿಗ್ಗೆ ಕ್ಯಾಂಟೀನಿನ ಹಿಂದಿನ ಕಲ್ಲುಬೆಂಚುಗಳ ಮೇಲೆ, ಹನ್ನೊಂದು ಜನ ಕೂತು. ಮೈಕು ಇರಲಿಲ್ಲ. ನಾಲ್ಕು ಪುಟ ಓದಲು ಇಪ್ಪತ್ತೈದು ನಿಮಿಷ, ಜಗಳಕ್ಕೆ ಒಂದೂವರೆ ಗಂಟೆ. ಒಂದು ಶಾಸನದ ಕಾಲದ ಬಗ್ಗೆ ಇತಿಹಾಸ ವಿಭಾಗದವನೊಬ್ಬ ಅವರನ್ನು ಚೆನ್ನಾಗಿಯೇ ಹಿಡಿದ. ಅವರು ಒಪ್ಪಲಿಲ್ಲ, ಮರುವಾರ ಪಡಿಯಚ್ಚು ತಂದು ತೋರಿಸಿದರು. ಅವನೇ ಸರಿ ಇದ್ದ. ‘ಹೌದ್ರಿ, ತಪ್ಪಾತು’ ಎಂದು ನಕ್ಕು ಆ ಪುಟ ತಿದ್ದಿಕೊಂಡರು. ಅವರ ಧೈರ್ಯವನ್ನು ಅವತ್ತು ಯಾರೂ ಹೊಗಳಲಿಲ್ಲ.

ಈ ವರ್ಷವೂ ನಿರೂಪಣೆಗೆ ಕರೆ ಬಂದಿದೆ. ವಚನ ಪೂರ್ತಿ ಓದುತ್ತೇನೆ, ಹಾಸ್ಟೆಲ್ ಗೇಟಿನ ಸಮಯ ಕಾರ್ಯಸೂಚಿಯಲ್ಲಿ ಇರಬೇಕು ಎಂದು ಬರೆದು ಕಳಿಸಿದ್ದೇನೆ. ವಚನಕ್ಕೆ ಒಪ್ಪಿಗೆ ಬಂದಿದೆ.