ಒಂದೇ ಲೈನು, ಎರಡು ಕೆಲಸ

ಮನೆಯ ಫೋನ್ ಲೈನಿಗೇ ಫ್ಯಾಕ್ಸ್ ಯಂತ್ರ ಜೋಡಿಸುವ ಪದ್ಧತಿ ತೊಂಬತ್ತರ ದಶಕದ ಸಣ್ಣ ಊರಿನ ವ್ಯಾಪಾರಿಗೆ ನಿಜವಾದ ಬಲ ತಂದಿತು. ಆ ಬಲಕ್ಕೆ ಬೆಲೆ ತೆತ್ತವರು ಮಾತ್ರ ಮನೆಮಂದಿ.

ವಾಡಿ–ರಾಯಚೂರು ರೈಲು ಮಾರ್ಗದ ನಾಲವಾರದಂಥ ಊರನ್ನು ನೋಡಿ. ಒಂದು ಕಡೆ ಶಹಾಬಾದಿನ ಫರ್ಸಿ ಕಲ್ಲು, ಇನ್ನೊಂದು ಕಡೆ ವಾಡಿ, ಸೇಡಂ ಸಿಮೆಂಟು. ಕಲ್ಲಿನ ಅಳತೆ, ದರ, ಲಾರಿ ಬಾಡಿಗೆ ಇವೆಲ್ಲ ಬಾಯಿಮಾತಿನಲ್ಲಿ ಸುಲಭವಾಗಿ ತಪ್ಪುವ ಅಂಕಿಗಳು. ಸಹಿ ಸಮೇತ ಹಾಳೆ ನಿಮಿಷದೊಳಗೆ ದೂರದ ಪಟ್ಟಣ ಮುಟ್ಟಿದರೆ ಜಗಳಕ್ಕೆ ಎಡೆಯಿಲ್ಲ. ಒಂದು ಫೋನಿಗೇ ವರ್ಷಗಟ್ಟಲೆ ಕಾದವರು ಇದ್ದ ಲೈನನ್ನೇ ಎರಡು ಕೆಲಸಕ್ಕೆ ಹಚ್ಚಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ತೊಡಕು ಶುರುವಾಗುತ್ತಿದ್ದುದು ಯಂತ್ರವನ್ನು ‘ಆಟೋ’ಗೆ ಇಟ್ಟಾಗ. ಕರೆ ಯಾರದೇ ಇರಲಿ, ಯಂತ್ರವೇ ಎತ್ತುತ್ತಿತ್ತು. ಎಸ್‌ಟಿಡಿ ಬೂತಿನಿಂದ ತವರಿಗೆ ಫೋನ್ ಹಚ್ಚಿದ ಮಗಳ ಕಿವಿಗೆ ಅವ್ವನ ದನಿಯ ಬದಲು 2100 ಹರ್ಟ್ಸಿನ ಸಿಳ್ಳು. ಮೀಟರು ಮಾತ್ರ ಓಡುತ್ತಿತ್ತು. ಒಳಕೋಣೆಯಲ್ಲಿ ಯಾರಾದರೂ ರಿಸೀವರ್ ಎತ್ತಿದರೆ ಬರುತ್ತಿದ್ದ ಹಾಳೆ ಅರ್ಧಕ್ಕೇ ಕೆಡುತ್ತಿತ್ತು. ಲೈನಿನಲ್ಲಿ ಗರಗರ ಇದ್ದರೆ ಯಂತ್ರ ವೇಗವನ್ನು ಸೆಕೆಂಡಿಗೆ 9600 ಬಿಟ್‌ನಿಂದ 4800ಕ್ಕೆ, 2400ಕ್ಕೆ ಇಳಿಸಿಕೊಳ್ಳುತ್ತಿತ್ತು. ಹಾಳೆ ನಿಧಾನವಾದಷ್ಟೂ ಬಿಲ್ಲು ಏರುತ್ತಿತ್ತು.

ಕರೆಯಲ್ಲಿ ಫ್ಯಾಕ್ಸಿನ 1100 ಹರ್ಟ್ಸ್ ಸದ್ದು ಕೇಳಿದರೆ ಮಾತ್ರ ಹಾಳೆ ಹಿಡಿದು, ಇಲ್ಲದಿದ್ದರೆ ಗಂಟೆ ಬಾರಿಸುವ ಯಂತ್ರಗಳೂ ಬಂದವು. ಆದರೆ ಕೈಯಿಂದ ಕಳಿಸುವ ಹಳೆಯ ಯಂತ್ರಗಳಲ್ಲಿ ಕೆಲವು ಆ ಸದ್ದನ್ನೇ ಹೊರಡಿಸುತ್ತಿರಲಿಲ್ಲ. ಹೀಗಾಗಿ ನನ್ನ ಮಟ್ಟಿಗೆ ಸರಿಯಾದದ್ದು ಒಂದೇ ಕ್ರಮ: ಮೊದಲು ಮನುಷ್ಯರು ಮಾತಾಡಿ, ‘ಈಗ ಕಳಿಸ್ತೀನಿ’ ಎಂದು ಹೇಳಿ, ಆಮೇಲೆ ಸ್ಟಾರ್ಟ್ ಗುಂಡಿ ಒತ್ತುವುದು. ಇದರಿಂದ ಮನೆಯ ಫೋನು ಮನೆಯದಾಗಿಯೇ ಉಳಿಯುತ್ತಿತ್ತು, ಹಾಳೆ ಬಂದದ್ದಕ್ಕೆ ಸಾಕ್ಷಿಯೂ ಇರುತ್ತಿತ್ತು. ಆ ಕಡೆ ಮನುಷ್ಯರಿಲ್ಲದಿದ್ದರೆ ಏನಾಗುತ್ತದೆಂದು 2018ರ ನವೆಂಬರ್ 21ರಂದು ದೇಶವೇ ಕಂಡಿತು. ಸರ್ಕಾರ ರಚನೆಗೆ ಹಕ್ಕು ಮಂಡಿಸಿ ಮೆಹಬೂಬಾ ಮುಫ್ತಿ ಕಳಿಸಲು ನೋಡಿದ ಪತ್ರ ಜಮ್ಮು–ಕಾಶ್ಮೀರದ ರಾಜಭವನದ ಫ್ಯಾಕ್ಸಿಗೆ ಹೋಗಲಿಲ್ಲ. ಅದೇ ರಾತ್ರಿ ವಿಧಾನಸಭೆ ವಿಸರ್ಜನೆಯಾಯಿತು. ಹಬ್ಬದ ರಜೆ, ಯಂತ್ರದ ಬಳಿ ಯಾರೂ ಇರಲಿಲ್ಲವೆಂದು ರಾಜ್ಯಪಾಲರು ಹೇಳಿದರು.

ದೊಡ್ಡ ಕೊರತೆ ಕಾಗದದ್ದು. ಅಂದಿನ ಅಗ್ಗದ ಯಂತ್ರಗಳು ಶಾಯಿಯಿಂದಲ್ಲ, ಶಾಖದಿಂದ ಅಕ್ಷರ ಮೂಡಿಸುತ್ತಿದ್ದವು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ ಸೀಮೆಯಲ್ಲಿ ಅಂಥ ಹಾಳೆ ಬೇಗ ಮಾಸುತ್ತದೆ. ವ್ಯವಹಾರದ ಪುರಾವೆಯೆಂದು ಕಾಪಾಡಿದ್ದು ಕೆಲವೇ ವರ್ಷಗಳಲ್ಲಿ ಬರೀ ಹಾಳೆಯಾಗುವುದು ಈ ಪದ್ಧತಿಯ ಕ್ಷಮಿಸಲಾಗದ ದೋಷ.

ನಿಮ್ಮ ಮನೆಯ ಟ್ರಂಕಿನಲ್ಲಿ ಅಂಥ ಕರಾರು, ರಸೀದಿ ಇನ್ನೂ ಓದಲು ಬರುವಂತಿದ್ದರೆ ಇಂದೇ ಜೆರಾಕ್ಸ್ ಮಾಡಿಸಿ. ಲ್ಯಾಮಿನೇಷನ್ ಮಾತ್ರ ಬೇಡ. ಅದರ ಬಿಸಿಗೆ ಇಡೀ ಹಾಳೆ ಕಪ್ಪಾಗುತ್ತದೆ.